ಅಳಿವೆ ಬದಿಯ 70 ಮನೆಗಳ ಕೇರಿಗೆ ಕೊಳಚೆ ನೀರಿನ ವ್ಯವಸ್ಥೆ: ಪ್ಯಾಕೇಜ್ ಘಟಕವೋ, ಗಿಡದ ಹಾಸೋ? ನೀರು ಕೊನೆಗೆ ಎಲ್ಲಿಗೆ?

ಗಜನಿಬದಿ ಕೇಳಿದ್ದು:

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಅಳಿವೆಯ ದಂಡೆಯಲ್ಲಿರುವ ಒಂದು ಕೇರಿಯ ಬಗ್ಗೆ ಸಲಹೆ ಬೇಕು. ಮಾಹಿತಿ ಹೀಗಿದೆ:

70 ಮನೆ, ಸುಮಾರು 350 ಜನ. 6 ಹೋಂಸ್ಟೇ ಇವೆ. ಡಿಸೆಂಬರ್‌ನಲ್ಲಿ ಮತ್ತು ವಾರಾಂತ್ಯಗಳಲ್ಲಿ 60 ಅತಿಥಿಗಳವರೆಗೆ ಬರುತ್ತಾರೆ. ಮೇಲಿನ ಒಂದು ಮೀಟರ್ ಮರಳು ಮಿಶ್ರಿತ ಮಣ್ಣು, ಕೆಳಗೆ ಬರೀ ಮರಳು, ಕೆಲವು ಕಡೆ ಮೂರು ಮೀಟರಿಗೆ ಚಿರೆಕಲ್ಲು. ಮೇ ತಿಂಗಳಲ್ಲಿ ಬಾವಿ ನೀರು 3 ಮೀಟರ್ ಆಳದಲ್ಲಿ, ಜುಲೈನಲ್ಲಿ 0.4 ಮೀಟರಿಗೆ ಬರುತ್ತದೆ. ಶೌಚಾಲಯದ ಹೊಂಡಗಳೆಲ್ಲ ಚಿರೆಕಲ್ಲು ಕಟ್ಟಿದ, ತಳವಿಲ್ಲದ, 2.4 ಮೀಟರ್ ಆಳದವು. ಹೊಂಡಕ್ಕೂ ಬಾವಿಗೂ 6ರಿಂದ 10 ಮೀಟರ್ ಅಂತರ. ನದಿ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಸಾಲು, ಅದರಾಚೆ ಇಳಿತದ ಹೊತ್ತಿಗೆ ಬಳಚು (ಚಿಪ್ಪುಜೀವಿ) ಆರಿಸುವ ಕೆಸರು ಬಯಲು.

ಪಂಚಾಯಿತಿ ಮುಂದೆ ಈಗ ಒಂದೇ ಪ್ರಸ್ತಾವ ಇದೆ: ದಿನಕ್ಕೆ 35 ಸಾವಿರ ಲೀಟರಿನ ಪ್ಯಾಕೇಜ್ ಘಟಕ (ಸಿದ್ಧವಾಗಿ ಬರುವ ಶುದ್ಧೀಕರಣ ಯಂತ್ರ), ಬ್ಲೋವರ್ (ಗಾಳಿ ಊದುವ ಯಂತ್ರ) ಇರುವಂಥದ್ದು. ಶುದ್ಧ ಮಾಡಿದ ನೀರನ್ನು ಪೈಪಿನಲ್ಲಿ ನದಿಗೆ ಬಿಡುವುದು. ಪಂಚಾಯಿತಿಯದ್ದೇ 18 ಗುಂಟೆ ಜಾಗ ರಸ್ತೆ ಬದಿಯಲ್ಲಿದೆ, ಅಮಾವಾಸ್ಯೆ ಭರತದ ಮಟ್ಟಕ್ಕಿಂತ 1.2 ಮೀಟರ್ ಎತ್ತರ. 12 ಮನೆಗಳು ಮಾತ್ರ ಕೇರಿಯಿಂದ ದೂರ, ದಿಬ್ಬದ ಆಚೆ.

ಪ್ಯಾಕೇಜ್ ಘಟಕ ಸರಿಯೇ? ನದಿಗೆ ಬಿಡದೆ ಬೇರೆ ದಾರಿ ಇದೆಯೇ? ಮಳೆಗಾಲದಲ್ಲಿ ಏನಾಗುತ್ತದೆ?

---

ಚರಂಡಿಲೆಕ್ಕ ಉತ್ತರ:

ಯಾವ ಯಂತ್ರ ಅನ್ನುವುದಕ್ಕಿಂತ ಮೊದಲು, ಈಗಿನ ಹೊಂಡಗಳು ಯಾಕೆ ಕೆಲಸ ಮಾಡುತ್ತಿಲ್ಲ ಅಂತ ನೋಡಿ. ಉತ್ತರ ಅಲ್ಲೇ ಇದೆ.

ಇಂಗುಗುಂಡಿಯಲ್ಲಿ ನೀರನ್ನು ಶುದ್ಧ ಮಾಡುವುದು ಗುಂಡಿಯಲ್ಲ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಇರುವ, ಗಾಳಿ ಆಡುವ ಒಣ ಮಣ್ಣು ಆ ಕೆಲಸ ಮಾಡುತ್ತದೆ. ಅಲ್ಲಿ ನೀರು ಮರಳಿನ ಕಣಗಳ ಮೈಮೇಲೆ ತೆಳ್ಳಗೆ ಹರಿಯುತ್ತದೆ, ಬ್ಯಾಕ್ಟೀರಿಯಾ ಅಂಟಿಕೊಂಡು ಸಾಯುತ್ತವೆ, ಅಮೋನಿಯಾ ನೈಟ್ರೇಟ್ ಆಗುತ್ತದೆ. ನಿಮ್ಮಲ್ಲಿ ಹೊಂಡದ ತಳ 2.4 ಮೀ, ಜುಲೈ ನೀರು 0.4 ಮೀ. ಅಂದರೆ ಹೊಂಡದ ಎರಡು ಮೀಟರ್ ಭಾಗ ಅಂತರ್ಜಲದೊಳಗೇ ಮುಳುಗಿದೆ. ಒಣ ಪದರವೇ ಇಲ್ಲ. ಭಾರತೀಯ ಮಾನಕ ಐಎಸ್ 2470 ಎರಡನೇ ಭಾಗ ಕುಡಿಯುವ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಕೇಳುತ್ತದೆ, ನಿಮ್ಮಲ್ಲಿ 6ರಿಂದ 10 ಮಾತ್ರ ಇದೆ. ಒಣ ಪದರ ನೆಲದ ಕೆಳಗೆ ಸಿಗದಿದ್ದರೆ ನೆಲದ ಮೇಲೆ ಕಟ್ಟಬೇಕು. ನನ್ನ ಸಲಹೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಲೆಕ್ಕ: 350 ಜನ, ತಲಾ 100 ಲೀಟರ್ ಬಳಕೆ (ಬಾವಿ ಇರುವ ಊರಲ್ಲಿ ಇದಕ್ಕಿಂತ ಕಡಿಮೆ ಹಿಡಿಯಬೇಡಿ), ಅದರ 80 ಶೇಕಡಾ ಕೊಳಚೆಯಾಗಿ ಬರುತ್ತದೆ. 28,000 ಲೀ. ಅತಿಥಿಗಳು 60, ತಲಾ 135 ಲೀಟರಿನಲ್ಲಿ ಸುಮಾರು 6,500 ಲೀ. ಒಟ್ಟು 34.5 ಘನ ಮೀಟರ್. ಹಾಗಾಗಿ 35 ಅನ್ನುವ ಅಂಕಿ ಸರಿ ಇದೆ. ಕೇಂದ್ರದ ಕೊಳಚೆ ವ್ಯವಸ್ಥೆಯ ಕೈಪಿಡಿ (ಸಿಪಿಎಚ್‌ಇಇಒ) ಪ್ರಕಾರ ತಲಾ ದಿನಕ್ಕೆ 27 ಗ್ರಾಂ ಬಿಒಡಿ (ಕೊಳೆಯುವ ವಸ್ತು ಹೀರುವ ಆಮ್ಲಜನಕದ ಅಳತೆ), 5.4 ಗ್ರಾಂ ಸಾರಜನಕ. 400 ಜನರ ಲೆಕ್ಕಕ್ಕೆ 10.8 ಕೆಜಿ ಬಿಒಡಿ, 2.16 ಕೆಜಿ ಸಾರಜನಕ.

ನಾನು ಹೇಳುವ ಸರಪಳಿ: ಮನೆಗೊಂದು ನೀರು ಸೋರದ ಸೆಪ್ಟಿಕ್ ಟ್ಯಾಂಕ್ → ಸಣ್ಣ ಪೈಪಿನ ಜಾಲ → ಪಂಪ್ ಸಂಪು → ನೆಲದ ಮೇಲೆ ಎತ್ತರಿಸಿ ಕಟ್ಟಿದ ಮರಳು-ಗಿಡದ ಹಾಸು → ಎತ್ತರಿಸಿದ ಇಂಗು ದಿಬ್ಬ.

ಮನೆಯ ಟ್ಯಾಂಕ್ ಐವರಿಗೆ ಒಳಗಿನ ಅಳತೆ 1.5 × 0.75 ಮೀ, ನೀರಿನ ಆಳ 1.05 ಮೀ. ಎರಡು ಕೋಣೆ, ಮೊದಲನೆಯದು ಮೂರನೇ ಎರಡು ಭಾಗ. ಹೊರಹೋಗುವ ಟಿ ಪೈಪಿಗೆ 3 ಮಿಮೀ ಸೀಳಿನ ಫಿಲ್ಟರ್ ಹಾಕಿ. ಗಟ್ಟಿ ಪದಾರ್ಥ ಇಲ್ಲೇ ಉಳಿಯುವುದರಿಂದ ಮುಂದಿನ ಪೈಪ್ 110 ಮಿಮೀ ಸಾಕು, 200ಕ್ಕೆ 1 ಇಳಿಜಾರು ನಡೆಯುತ್ತದೆ, ಆಳ ಅಗೆಯಬೇಕಿಲ್ಲ. ಮರಳು ನೆಲದಲ್ಲಿ ನೀರು ತುಂಬಿರುವಾಗ ಎರಡು ಮೀಟರ್ ಕಾಲುವೆ ತೋಡುವುದು ಎಷ್ಟು ಕಷ್ಟ ಅಂತ ಗುತ್ತಿಗೆದಾರರನ್ನೇ ಕೇಳಿ.

ಮರಳಿನ ಹಾಸು: ಬೆಚ್ಚಗಿನ ಹವೆಯಲ್ಲಿ ತಲಾ 1.5 ಚದರ ಮೀ, ಒಟ್ಟು 600 ಚದರ ಮೀ. 150ರಂತೆ ನಾಲ್ಕು ಹಾಸು. ಮೂರು ಕೆಲಸ ಮಾಡುವಾಗ ಒಂದಕ್ಕೆ ಒಂದು ವಾರ ಬಿಡುವು. ಬಿಡುವು ಕೊಡದಿದ್ದರೆ ಮೇಲ್ಮೈಯಲ್ಲಿ ಲೋಳೆ ಕಟ್ಟಿ ನೀರು ನಿಲ್ಲುತ್ತದೆ. ಕೆಳಗಿನಿಂದ ಮೇಲಕ್ಕೆ ಪದರಗಳು: ದಪ್ಪ ಪ್ಲಾಸ್ಟಿಕ್ ಹಾಳೆ, 200 ಮಿಮೀ 20–40 ಜಲ್ಲಿ ಮತ್ತು ಅದರೊಳಗೆ ತೂತಿನ 110 ಪೈಪ್, 100 ಮಿಮೀ ಸಣ್ಣ ಜಲ್ಲಿ, 600 ಮಿಮೀ ಮರಳು, ಮೇಲೆ 50 ಮಿಮೀ ಸಣ್ಣ ಜಲ್ಲಿ. ತೂತಿನ ಪೈಪಿನ ತುದಿಗಳನ್ನು ಮೇಲಕ್ಕೆ ಎತ್ತಿ ಬಿಡಿ. ಅದೇ ಗಾಳಿ ಒಳಗೆ ಬರುವ ದಾರಿ.

ನೀರು ಸದಾ ಹರಿಯಬಾರದು, ಕಂತಿನಲ್ಲಿ ಬೀಳಬೇಕು. ಒಮ್ಮೆಗೆ ಒಂದು ಹಾಸಿಗೆ 2 ಘನ ಮೀಟರ್, ಅಂದರೆ 13 ಮಿಮೀ. ಪ್ರತಿ ಹಾಸಿಗೆ ದಿನಕ್ಕೆ ಆರು ಸಲ. ಕಂತು ಇಳಿಯುವಾಗ ತನ್ನ ಹಿಂದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬ್ಲೋವರ್ ಮಾಡುವ ಕೆಲಸವನ್ನು ಇಲ್ಲಿ ಅದೇ ಮಾಡುತ್ತದೆ.

ಪ್ಯಾಕೇಜ್ ಘಟಕಕ್ಕೆ ನನ್ನ ವಿರೋಧ ತಂತ್ರಜ್ಞಾನದ ಮೇಲಲ್ಲ. 24 ಗಂಟೆ ಬ್ಲೋವರ್ ಓಡಬೇಕು, ಮಳೆಗಾಲದಲ್ಲಿ ಕರೆಂಟ್ ಇಡೀ ದಿನ ಹೋಗುವ ಊರು. ಉಪ್ಪುಗಾಳಿಗೆ ಬ್ಲೋವರ್ ಬೇರಿಂಗು, ಪ್ಯಾನೆಲ್ ಬೇಗ ಹಾಳಾಗುತ್ತವೆ. ವಾರಾಂತ್ಯದಲ್ಲಿ ಹರಿವು ಏರಿ ಸೋಮವಾರ ಇಳಿಯುತ್ತದೆ. ಹೆಚ್ಚಾದ ಕೆಸರನ್ನು ಆಗಾಗ ತೆಗೆಯುವ ತಿಳಿವಳಿಕೆಯ ಆಪರೇಟರ್ ಬೇಕು. ತೆಗೆಯದಿದ್ದರೆ ಆ ಕೆಸರು ನೇರ ನದಿಗೆ ಹೋಗುತ್ತದೆ. 35 ಸಾವಿರ ಲೀಟರಿನ ಘಟಕಕ್ಕೆ ಅಂಥ ಆಪರೇಟರನ್ನು ವರ್ಷಪೂರ್ತಿ ಇಟ್ಟುಕೊಳ್ಳುವ ಶಕ್ತಿ ಒಂದು ಕೇರಿಗೆ ಇರುವುದಿಲ್ಲ.

---

ಕಾಂಡ್ಲಾ_ಸಾಲು ಉತ್ತರ:

ಚರಂಡಿಲೆಕ್ಕ ಅವರ ಮಾತಿಗೆ ಒಪ್ಪಿಗೆ. ನದಿಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಪೈಪನ್ನು ನದಿಗೆ ಬಿಡಲೇಬೇಡಿ. ಬಿಒಡಿ 10 ಇದೆ ಅಂತ ವರದಿ ತೋರಿಸುತ್ತಾರೆ. ಬಳಚಿಗೆ ಬಿಒಡಿ ಮುಖ್ಯವಲ್ಲ, ರೋಗಾಣು ಮುಖ್ಯ. ಕಣ್ಣಿಗೆ ತಿಳಿಯಾಗಿ ಕಾಣುವ, ಬಿಒಡಿ 10ಕ್ಕೆ ಇಳಿದ ನೀರಿನಲ್ಲೂ 100 ಮಿಲಿಗೆ ಲಕ್ಷಗಟ್ಟಲೆ ಮಲ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇರಬಹುದು. ಬಳಚು, ಕಲ್ವ (ಆಯ್‌ಸ್ಟರ್) ಎರಡೂ ನೀರನ್ನು ಸೋಸಿ ತಿನ್ನುವ ಜೀವಿಗಳು, ದಿನಕ್ಕೆ ಹಲವು ಲೀಟರ್ ಸೋಸುತ್ತವೆ. ನೀರಿನಲ್ಲಿ ಸ್ವಲ್ಪವೇ ಇದ್ದದ್ದು ಮಾಂಸದಲ್ಲಿ ಬಹಳವಾಗುತ್ತದೆ. ಶುದ್ಧ ನೀರಿನಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಹೊರಬೀಳುತ್ತದೆ. ಹೆಪಟೈಟಿಸ್ ಎ, ನೊರೊವೈರಸ್‌ನಂಥವು ಅಷ್ಟು ಬೇಗ ಬಿಡುವುದಿಲ್ಲ. ಆರಿಸಿ ಮಾರುವ ಹೆಂಗಸರ ದುಡಿಮೆ ನಿಂತಿರುವುದು ಆ ಬಯಲಿನ ಮೇಲೆ.

ಅಂಕಿಗಳನ್ನು ಪಂಚಾಯಿತಿ ಸಭೆಗೆ ಒಯ್ಯಿರಿ. ಕೇಂದ್ರದ 2017ರ ಅಧಿಸೂಚನೆಯಲ್ಲಿ ಮಲ ಕೋಲಿಫಾರ್ಮ್ ಮಿತಿ 100 ಮಿಲಿಗೆ 1000. ಹಸಿರು ನ್ಯಾಯಮಂಡಳಿಯ 2019ರ ಆದೇಶದಲ್ಲಿ ಅದು 230, ಜತೆಗೆ ಬಿಒಡಿ 10, ಒಟ್ಟು ಸಾರಜನಕ 10. ಸ್ನಾನಕ್ಕೆ ಬಳಸುವ ಕರಾವಳಿ ನೀರಿನ ಮಾನದಂಡ 100. ಟೆಂಡರ್‌ನಲ್ಲಿ ಇವುಗಳಲ್ಲಿ ಯಾವುದನ್ನು ಬರೆದಿದ್ದಾರೆ ಅಂತ ಮೊದಲು ನೋಡಿ. ಅಘನಾಶಿನಿ ಅಳಿವೆ ರಾಮ್ಸಾರ್ ತಾಣ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಅಂತ 2024ರಲ್ಲಿ ಘೋಷಣೆಯಾಗಿದೆ ಎನ್ನುವುದನ್ನೂ ನೆನಪಿಸಿ.

"ಕ್ಲೋರಿನ್ ಹಾಕಿದರಾಯಿತು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಲೀಟರಿಗೆ 5 ಮಿಗ್ರಾಂ ಪ್ರಮಾಣಕ್ಕೆ ದಿನಕ್ಕೆ 175 ಗ್ರಾಂ ಕ್ಲೋರಿನ್, 30 ಶೇಕಡಾ ಬ್ಲೀಚಿಂಗ್ ಪುಡಿಯಾದರೆ ಸುಮಾರು 580 ಗ್ರಾಂ. ಅಮೋನಿಯಾ ಉಳಿದ ನೀರಿನಲ್ಲಿ ಅದು ಕ್ಲೋರಮಿನ್ ಆಗುತ್ತದೆ, ಬೇಗ ಕರಗಿಹೋಗುವುದಿಲ್ಲ. ಉಳಿಕೆ ಕ್ಲೋರಿನ್ ಲೀಟರಿಗೆ 0.1 ಮಿಗ್ರಾಂಗಿಂತ ಕಡಿಮೆ ಇದ್ದರೂ ಚಿಪ್ಪುಜೀವಿಗಳ ಮರಿಗಳಿಗೆ ವಿಷ. ಕ್ಲೋರಿನ್ ತೆಗೆಯಲು ಮತ್ತೆ ಥಯೋಸಲ್ಫೇಟ್ ಹಾಕಬೇಕು. ಎರಡೂ ಪ್ರಮಾಣವನ್ನು ದಿನವೂ ಸರಿಹೊಂದಿಸುವವರು ಯಾರು?

ಯುವಿ ದೀಪ ಒಳ್ಳೆಯದೇ, ಆದರೆ ನೀರು ನದಿಗೆ ಹೋಗಲೇಬೇಕಾದರೆ ಮಾತ್ರ. ನೀರಿನ ಕದಡು 5 ಎನ್‌ಟಿಯು ಒಳಗಿರಬೇಕು, ದೀಪದ ಗಾಜಿನ ಕೊಳವೆಯನ್ನು ಸಿಟ್ರಿಕ್ ಆಮ್ಲದಿಂದ ಆಗಾಗ ತೊಳೆಯಬೇಕು, 9,000 ಗಂಟೆಗೆ, ಅಂದರೆ ವರ್ಷಕ್ಕೊಮ್ಮೆ, ದೀಪ ಬದಲಿಸಬೇಕು. ಕರೆಂಟ್ ಹೋದಾಗ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇಲ್ಲದಿದ್ದರೆ ದೀಪ ಆರಿದ ಹೊತ್ತಿನಲ್ಲಿ ಹಸಿ ನೀರು ಸೀದಾ ಹೋಗುತ್ತದೆ. ಇಂಗು ದಿಬ್ಬದಲ್ಲಿ ಇನ್ನೊಂದು 600 ಮಿಮೀ ಒಣ ಮರಳು ದಾಟಿಸಿದರೆ ಇದಾವುದೂ ಬೇಡ.

ಸಾರಜನಕದ ವಿಚಾರ. ಹೊಳೆಯ ಸಿಹಿನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಸಾಮಾನ್ಯವಾಗಿ ರಂಜಕ ಕಡಿವಾಣ, ಸಮುದ್ರದ ಕಡೆ ಸಾರಜನಕ. 2.16 ಕೆಜಿಯನ್ನು 35 ಘನ ಮೀಟರಿಗೆ ಹಂಚಿದರೆ ಲೀಟರಿಗೆ 62 ಮಿಗ್ರಾಂ. ಮರಳಿನ ಹಾಸು ಅದನ್ನು ನೈಟ್ರೇಟ್ ಮಾಡುತ್ತದೆ, ಹೊರಹಾಕುವುದಿಲ್ಲ. ಹಾಸಿನಿಂದ ಬಂದ ನೀರಿನ ಅರ್ಧವನ್ನು ಹಿಂದಕ್ಕೆ, ಗಾಳಿಯಿಲ್ಲದ ಟ್ಯಾಂಕಿಗೆ ತಿರುಗಿಸಿದರೆ ಹೆಚ್ಚೆಂದರೆ ಅರ್ಧ ಸಾರಜನಕ ಅನಿಲವಾಗಿ ಹೋಗುತ್ತದೆ. ಉಳಿದ 30 ಮಿಗ್ರಾಂಗೆ ಮರದ ಚಕ್ಕೆ ತುಂಬಿದ, ಸದಾ ನೀರು ನಿಂತಿರುವ ತೊಟ್ಟಿ. ಗಾಳಿಮರದ ಚಕ್ಕೆ ಕರಾವಳಿಯಲ್ಲಿ ಧಾರಾಳ ಸಿಗುತ್ತದೆ. ಇಂಥ ತೊಟ್ಟಿಗಳಲ್ಲಿ ಘನ ಮೀಟರಿಗೆ ದಿನಕ್ಕೆ 2ರಿಂದ 10 ಗ್ರಾಂ ಸಾರಜನಕ ಹೋಗುತ್ತದೆ. ನಮ್ಮ ಸೆಕೆಗೆ ಮೇಲಿನ ಅಂಕಿ ಹಿಡಿದರೂ 100 ಘನ ಮೀಟರ್ ಬೇಕು. ಒಂದು ಗುಂಟೆ ಜಾಗ, ಒಂದು ಮೀಟರ್ ಆಳ. ಮೊದಲ ಕೆಲವು ವಾರ ಚಕ್ಕೆಯಿಂದ ಚಹಾ ಬಣ್ಣದ ನೀರು, ಜತೆಗೆ ಬಿಒಡಿ ಬರುತ್ತದೆ, ಹೆದರಬೇಡಿ. ಆ ಅವಧಿಯಲ್ಲಿ ಅದನ್ನು ಸಂಪಿಗೆ ಹಿಂದಿರುಗಿಸಿ.

---

ಗಜನಿಬದಿ:

ಇಬ್ಬರಿಗೂ ಧನ್ಯವಾದ. ಮೂರು ಪ್ರಶ್ನೆ ಉಳಿದವು. ಮರಳು ಎಲ್ಲಿಂದ? 600 ಚದರ ಮೀಟರಿಗೆ 360 ಘನ ಮೀಟರ್ ಆಗುತ್ತದೆ, ಇಲ್ಲಿ ಎಲ್ಲರೂ ಎಂ-ಸ್ಯಾಂಡ್ ಅನ್ನುತ್ತಾರೆ. ದಿನಕ್ಕೆ 100 ಮಿಮೀ ಮಳೆ ಸುರಿದರೆ ಹಾಸಿನ ಮೇಲೆ ಬೀಳುವ ನೀರೇ 60 ಘನ ಮೀಟರ್, ಕೊಳಚೆಗಿಂತ ಹೆಚ್ಚು. ಅದಕ್ಕೇನು? ಸಂಪು ನೀರಿನ ಮಟ್ಟದ ಕೆಳಗೆ ಹೋಗುತ್ತದಲ್ಲ, ಅದನ್ನು ಹೇಗೆ ಕಟ್ಟಬೇಕು?

---

ಚರಂಡಿಲೆಕ್ಕ ಉತ್ತರ:

ಮರಳು ಈ ಇಡೀ ಕೆಲಸದ ಜೀವ. ಇಲ್ಲಿ ಅಗ್ಗ ನೋಡಬೇಡಿ.

ಕಡಲ ಮರಳು ಬೇಡವೇ ಬೇಡ. ಕರಾವಳಿ ವಲಯದಲ್ಲಿ ತೆಗೆಯುವುದಕ್ಕೆ ನಿಷೇಧ ಇದೆ, ಅದಲ್ಲದೆ ಅದು ತೀರಾ ನುಣುಪು. ಎಂ-ಸ್ಯಾಂಡ್‌ನಲ್ಲಿ ಒಂದು ತೊಂದರೆ ಇದೆ: ಕಾಂಕ್ರೀಟಿಗೆ ಅಂತ ಬರುವ ಕಲ್ಲುಪುಡಿ ಮರಳಿನಲ್ಲಿ 150 ಮೈಕ್ರಾನ್ ಜರಡಿ ದಾಟುವ ಪುಡಿ 20 ಶೇಕಡಾವರೆಗೆ ಇರಲು ಐಎಸ್ 383 ಬಿಡುತ್ತದೆ. ಕಾಂಕ್ರೀಟಿಗೆ ಅದು ನಡೆಯುತ್ತದೆ, ಹಾಸಿಗೆ ಮಾತ್ರ ಸಾವು. ಆರು ತಿಂಗಳಲ್ಲಿ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಎರಡು ಸಲ ತೊಳೆದ, 0.3 ಮಿಮೀಗಿಂತ ಸಣ್ಣದನ್ನು ಜರಡಿ ಹಿಡಿದು ತೆಗೆದ ಎಂ-ಸ್ಯಾಂಡ್ ಆದರೆ ಸರಿ.

ಲಾರಿ ಇಳಿಸುವ ಮೊದಲೇ ಪರೀಕ್ಷೆ ಮಾಡಿ. 110 ಮಿಮೀ ಪೈಪಿನ 300 ಮಿಮೀ ತುಂಡನ್ನು ಸಣ್ಣ ಜಲ್ಲಿಯ ಹಾಸಿನ ಮೇಲೆ ನೆಟ್ಟಗೆ ನಿಲ್ಲಿಸಿ. ಒಳಗೆ 200 ಮಿಮೀ ಎತ್ತರಕ್ಕೆ ಒದ್ದೆ ಮರಳು ತುಂಬಿ. ಒಂದೆರಡು ಸಲ ನೀರು ಬಿಟ್ಟು ನೆನೆಸಿ. ಆಮೇಲೆ ಅರ್ಧ ಲೀಟರ್ ನೀರನ್ನು ಒಟ್ಟಿಗೆ ಸುರಿದು, ಮೇಲ್ಮೈಯಿಂದ ನೀರು ಪೂರ್ತಿ ಇಳಿಯುವವರೆಗೆ ಸಮಯ ನೋಡಿ. 50ರಿಂದ 150 ಸೆಕೆಂಡ್ ಆದರೆ ಮರಳು ಒಳ್ಳೆಯದು. 50ಕ್ಕಿಂತ ಬೇಗ ಇಳಿದರೆ ತೀರಾ ದಪ್ಪ, ರೋಗಾಣು ಹಿಡಿಯುವುದಿಲ್ಲ. 150 ದಾಟಿದರೆ ಆ ಲಾರಿಯನ್ನು ವಾಪಸ್ ಕಳಿಸಿ. ಪ್ರತಿ ಲಾರಿಗೂ ಮಾಡಬೇಕು. ಮೊದಲನೆಯದಕ್ಕೆ ಮಾಡಿ ಬಿಟ್ಟರೆ ಮೂರನೆಯದರಲ್ಲಿ ಬೇರೆ ಸರಕು ಬರುತ್ತದೆ. ಟೆಂಡರ್‌ನಲ್ಲಿ ಈ ಪರೀಕ್ಷೆಯನ್ನು ಬರೆಯಿಸಿ, ಇಲ್ಲದಿದ್ದರೆ ವಾಪಸ್ ಕಳಿಸುವ ಹಕ್ಕು ನಿಮಗಿರುವುದಿಲ್ಲ.

ಮಳೆ: ಹಾಸಿನ ಸುತ್ತ 300 ಮಿಮೀ ಏರಿ ಇರಲಿ. ಗಂಟೆಗೆ 50 ಮಿಮೀ ಹೊಡೆದರೂ ಅದು ಹಾಸಿನ ಮೇಲೆ 50 ಮಿಮೀ ನಿಂತು ನಿಧಾನ ಇಳಿಯುತ್ತದೆ. ಸ್ವಚ್ಛ ಮರಳಿಗೆ ಆ ಹರಿವು ಭಾರವಲ್ಲ, ನೀರೂ ತೆಳುವಾಗಿರುತ್ತದೆ. ಹಿಂತಿರುಗಿಸುವ ನೀರನ್ನು ಜೂನ್‌ನಿಂದ ಅರ್ಧಕ್ಕೆ ಇಳಿಸಿ, ಜಡಿಮಳೆಯ ದಿನ ಪೂರ್ತಿ ನಿಲ್ಲಿಸಿ.

ನಿಜವಾದ ಅಪಾಯ ಹಾಸಿನ ಮೇಲೆ ಬೀಳುವ ಮಳೆಯಲ್ಲ, ಪೈಪಿಗೆ ಸೇರುವ ಮಳೆ. 100 ಚದರ ಮೀಟರಿನ ಒಂದು ಮಾಡಿನ ನೀರನ್ನು ಯಾರೋ ಚೇಂಬರಿಗೆ ಬಿಟ್ಟರೆ ಗಂಟೆಗೆ 5,000 ಲೀಟರ್. ಆ ಮನೆಯ ಕೊಳಚೆ ದಿನಕ್ಕೆ 400 ಲೀಟರ್. ಹನ್ನೆರಡು ದಿನದ ನೀರು ಒಂದು ಗಂಟೆಯಲ್ಲಿ! ಟ್ಯಾಂಕಿನ ಕೆಸರೆಲ್ಲ ಕಲಕಿ ಹಾಸಿಗೆ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಪ್ರತಿ ಮಾಡಿನ ದೋಣಿಯಲ್ಲಿ ಬಣ್ಣದ ನೀರು ಸುರಿದು ಚೇಂಬರಿನಲ್ಲಿ ಬರುತ್ತದೆಯೇ ನೋಡಿ.

ಗಿಡ: ಕಾಬಾಳೆ ಅಥವಾ ಲಾವಂಚ, ಚದರ ಮೀಟರಿಗೆ ನಾಲ್ಕು. ಗಿಡದ ಬೇರು ಮೇಲ್ಮೈ ಕಟ್ಟದಂತೆ ನೋಡಿಕೊಳ್ಳುತ್ತದೆ, ಶುದ್ಧೀಕರಣದ ದೊಡ್ಡ ಪಾಲು ಮರಳಿನದ್ದೇ.

---

ಪಂಪುಮನೆ ಉತ್ತರ:

ಸಂಪಿನ ಬಗ್ಗೆ ನಾನು ಹೇಳುತ್ತೇನೆ. ಕರಾವಳಿಯಲ್ಲಿ ಸಂಪು ತೇಲುತ್ತದೆ. ಇದು ಮಾತಿನ ಅಲಂಕಾರವಲ್ಲ, ಲೆಕ್ಕ ನೋಡಿ.

ಹೊರ ಅಳತೆ 3.0 × 2.5 × 2.5 ಮೀ. ಗೋಡೆ 200, ತಳ 250, ಮುಚ್ಚಳ 150 ಮಿಮೀ. ನೀರು ನೆಲದ ಮಟ್ಟಕ್ಕೆ ಬಂದಾಗ ಮೇಲಕ್ಕೆ ತಳ್ಳುವ ಬಲ 18.75 ಟನ್. ಕಾಂಕ್ರೀಟು ಸುಮಾರು 7.3 ಘನ ಮೀಟರ್, ತೂಕ 18.2 ಟನ್. ಅಂದರೆ ಸಂಪು ಖಾಲಿ ಇದ್ದರೆ ಎದ್ದು ಬರುತ್ತದೆ, ಪೈಪುಗಳು ಮುರಿಯುತ್ತವೆ. ತಳದ ಹಾಸನ್ನು ನಾಲ್ಕೂ ಬದಿ 300 ಮಿಮೀ ಹೊರಗೆ ಚಾಚಿ. ಆ ಚಾಚಿನ ಮೇಲೆ ಕೂರುವ ಮಣ್ಣು ನೀರೊಳಗಿನ ತೂಕದಲ್ಲೂ ಏಳು ಟನ್ ದಾಟುತ್ತದೆ, ಚಾಚಿನ ಕಾಂಕ್ರೀಟು ಇನ್ನೆರಡು ಟನ್. ತಡೆಯುವ ಬಲ 27.9, ತಳ್ಳುವ ಬಲ 19.7 ಟನ್. 1.4 ಪಟ್ಟು ಸಿಗುತ್ತದೆ. ಈ ಅಳತೆಯ ಒಳಗಾತ್ರ ಸುಮಾರು 11.5 ಘನ ಮೀಟರ್. ಸರಾಸರಿ ಹರಿವಿಗೆ ಏಳೆಂಟು ಗಂಟೆ, ಪಂಪಿನ ಅಡಿಯ ಸತ್ತ ನೀರು ಕಳೆದರೆ ಐದಾರು ಗಂಟೆ. ಅದಕ್ಕಿಂತ ಉದ್ದದ ವಿದ್ಯುತ್ ಕಡಿತಕ್ಕೆ ಜನರೇಟರ್ ಸಿಕ್ಕಿಸುವ ಸಾಕೆಟ್, ಚೇಂಜ್‌ಓವರ್ ಸ್ವಿಚ್ ಮೊದಲೇ ಇಡಿ.

ಮನೆಗಳ ಟ್ಯಾಂಕಿಗೂ ಇದೇ ಮಾತು. ಎಫ್‌ಆರ್‌ಪಿ (ಫೈಬರ್) ಟ್ಯಾಂಕ್ 2,000 ಲೀಟರಿನದ್ದಾದರೆ ತಳ್ಳುವ ಬಲ ಎರಡು ಟನ್, ಅದರ ತೂಕವೋ ನೂರು ಕೆಜಿಯ ಆಸುಪಾಸು. ಕಾಂಕ್ರೀಟ್ ಹಾಸಿಗೆ ನೈಲಾನ್ ಪಟ್ಟಿಯಿಂದ ಬಿಗಿಯಬೇಕು (ಕಬ್ಬಿಣದ ಪಟ್ಟಿ ಎರಡು ಮಳೆಗಾಲ ಬರುವುದಿಲ್ಲ). ಕೆಸರು ತೆಗೆಸುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾತ್ರ. ಜುಲೈನಲ್ಲಿ ಟ್ಯಾಂಕರ್ ಕರೆಸಿ ಪೂರ್ತಿ ಹೀರಿಸಿದರೆ ಟ್ಯಾಂಕ್ ಏಳುತ್ತದೆ.

ಕಾಂಕ್ರೀಟು: ಎಂ 35, ಸರಳಿಗೆ 50 ಮಿಮೀ ಮುಚ್ಚು. ಸಿಮೆಂಟ್ ಸ್ಲ್ಯಾಗ್ ಇರುವುದನ್ನೇ ತೆಗೆದುಕೊಳ್ಳಿ. ಉಪ್ಪುನೀರು ಅಂದ ಕೂಡಲೇ ಸಲ್ಫೇಟ್ ನಿರೋಧಕ ಸಿಮೆಂಟ್ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಕ್ಲೋರೈಡನ್ನು ಹಿಡಿದಿಡುವ ಅಂಶವೇ ಕಡಿಮೆ, ಸರಳು ಬೇಗ ತುಕ್ಕು ಹಿಡಿಯುತ್ತದೆ.

ಉಪ್ಪುನೀರು ಪೈಪಿಗೆ ಸೇರುವುದನ್ನು ತಡೆಯುವುದು ಬರೀ ಹರಿವಿನ ಪ್ರಶ್ನೆಯಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಗ್ರಾಂ ಸಲ್ಫೇಟ್ ಇದೆ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಅದು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ: ಕೊಳೆತ ಮೊಟ್ಟೆ ವಾಸನೆ, ನೀರಿನ ಮಟ್ಟದ ಮೇಲಿನ ಕಾಂಕ್ರೀಟು ಪುಡಿಪುಡಿ, ಪ್ಯಾನೆಲ್ಲಿನ ತಾಮ್ರ ಕಪ್ಪು. ಸೋರಿಕೆ ಹುಡುಕಲು ಸುಲಭದ ದಾರಿ ಕೈಯಲ್ಲಿ ಹಿಡಿಯುವ ಇಸಿ ಮೀಟರ್ (ನೀರಿನ ವಿದ್ಯುತ್ ವಾಹಕತೆ ಅಳೆದು ಉಪ್ಪಿನಂಶ ತೋರಿಸುವುದು). ಮನೆಯ ಕೊಳಚೆ ಸಾಮಾನ್ಯವಾಗಿ 1 ಮಿಲಿಸೀಮೆನ್ಸ್ ಆಸುಪಾಸು. ಹುಣ್ಣಿಮೆ, ಅಮಾವಾಸ್ಯೆಯ ಭರತ ತುಂಬಿದ ಹೊತ್ತಿಗೆ ಚೇಂಬರಿನಿಂದ ಚೇಂಬರಿಗೆ ಅಳೆಯುತ್ತ ಹೋಗಿ. ಎಲ್ಲಿ ಅಂಕಿ ಥಟ್ಟನೆ ಏರುತ್ತದೋ ಅದರ ಹಿಂದಿನ ತುಂಡಿನಲ್ಲಿ ಸೋರಿಕೆ ಇದೆ. ಚಿರೆಕಲ್ಲಿನ ಚೇಂಬರ್ ಕಟ್ಟಬೇಡಿ, ಎಷ್ಟು ಗಿಲಾವು ಮಾಡಿದರೂ ಸೋರುತ್ತದೆ. ರಬ್ಬರ್ ರಿಂಗಿನ ಪ್ಲಾಸ್ಟಿಕ್ ಚೇಂಬರ್ ಹಾಕಿ.

ಪಂಪು 1.5 ಎಚ್‌ಪಿಯ ಎರಡು, ಒಂದಾದ ಮೇಲೊಂದು ಓಡುವಂತೆ. ಸೆಕೆಂಡಿಗೆ 5.5 ಲೀಟರ್, ಆರು ನಿಮಿಷದಲ್ಲಿ 2 ಘನ ಮೀಟರಿನ ಕಂತು ಮುಗಿಯುತ್ತದೆ. ಹಾಸಿನ ಮೇಲೆ 40 ಮಿಮೀ ಪೈಪ್ ಒಂದು ಮೀಟರ್ ಅಂತರಕ್ಕೆ, ಮೀಟರಿಗೊಂದು 5 ಮಿಮೀ ತೂತು, ಮೇಲ್ಮುಖವಾಗಿ. ಜಲ್ಲಿ ಮುಚ್ಚುವ ಮೊದಲು ತಿಳಿನೀರು ಬಿಟ್ಟು ನೋಡಿ: ಮೊದಲ ತೂತಿನಲ್ಲೂ ಕೊನೆಯದರಲ್ಲೂ ಅರ್ಧ ಮೀಟರ್ ಚಿಮ್ಮಬೇಕು. ಕೊನೆಯದು ಕುಗ್ಗಿದರೆ ಹಾಸಿನ ಅರ್ಧವೇ ಕೆಲಸ ಮಾಡುತ್ತದೆ. ಪ್ರತಿ ಪೈಪಿನ ತುದಿಗೆ ಬಿಚ್ಚುವ ಮುಚ್ಚಳ ಇರಲಿ, ಮೂರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು. ಹಾಸಿನಿಂದ ಇಂಗು ದಿಬ್ಬಕ್ಕೆ ಎತ್ತಲು ಇನ್ನೊಂದು ಸಣ್ಣ ಸಂಪು, ಪಂಪು ಬೇಕಾಗುತ್ತದೆ. ಎರಡನ್ನೂ ಒಂದೇ ಕಂಪನಿಯದ್ದು, ಒಂದೇ ಮಾದರಿಯದ್ದು ತೆಗೆದುಕೊಳ್ಳಿ, ಬಿಡಿಭಾಗ ಅದಲುಬದಲು ಮಾಡಬಹುದು.

ಸಂಪಿಗೆ ಯಾರೂ ಇಳಿಯಬಾರದು. ಪಂಪನ್ನು ಸರಪಳಿ, ಗೈಡ್ ಪೈಪಿನಿಂದ ಮೇಲಿನಿಂದಲೇ ಎತ್ತುವಂತೆ ಕಟ್ಟಿ. ಒಳಗೆ ತುಂಬುವ ಹೈಡ್ರೋಜನ್ ಸಲ್ಫೈಡ್ ಎರಡು ಉಸಿರಿನಲ್ಲಿ ಆಳನ್ನು ಬೀಳಿಸುತ್ತದೆ.

---

ತೆಂಗಿನಕಟ್ಟೆ ಉತ್ತರ:

ದೂರದ 12 ಮನೆಗಳಿಗೆ ಪೈಪ್ ಎಳೆಯಬೇಡಿ. ಮನೆಗೊಂದು ಇಂಗು ದಿಬ್ಬ ಸಾಕು.

ಒಂದು ಮನೆಗೆ 400 ಲೀಟರ್. ಒಳ್ಳೆಯ ಮರಳಿನ ದಿಬ್ಬಕ್ಕೆ ಚದರ ಮೀಟರಿಗೆ ದಿನಕ್ಕೆ 40 ಲೀಟರ್ ಹಾಕಬಹುದು. ಅಂದರೆ 10 ಚದರ ಮೀಟರಿನ ಜಲ್ಲಿ ಹಾಸು, 1.2 ಮೀ ಅಗಲ, 8.5 ಮೀ ಉದ್ದ. ಮೇಲ್ಮಣ್ಣಿನ ಹುಲ್ಲು ಕೆತ್ತಿ, ನೆಲವನ್ನು ಗುದ್ದಲಿಯಿಂದ ಒರಟು ಮಾಡಿ (ಜೆಸಿಬಿ ಹತ್ತಿಸಿದರೆ ನೆಲ ಅದುಮಿ ನೀರು ಬದಿಗೆ ಒಸರುತ್ತದೆ), 600 ಮಿಮೀ ಮರಳು, 250 ಮಿಮೀ ಜಲ್ಲಿ, ಬಟ್ಟೆ, 300 ಮಿಮೀ ಮಣ್ಣು. ಎತ್ತರ 1.15 ಮೀ. ಬದಿಯ ಇಳಿಜಾರು ಒಂದಕ್ಕೆ ಮೂರು, ಹಾಗಾಗಿ ಬುಡ ಸುಮಾರು 8 × 15.5 ಮೀ, ಒಂದೂಕಾಲು ಗುಂಟೆ. ಜಾಗ ಉಳಿಸಲು ಸುತ್ತ ಚಿರೆಕಲ್ಲು ಗೋಡೆ ಕಟ್ಟಿ ಇಳಿಜಾರು ಬಿಡುವವರಿದ್ದಾರೆ. ಗೋಡೆಯ ಸಂದಿಯಿಂದ ನೀರು ಅರ್ಧ ದಾರಿಯಲ್ಲೇ ಹೊರಬರುತ್ತದೆ, ಬೇಡ. ದಿಬ್ಬದ ಮೇಲೆ ಹುಲ್ಲು ಬೆಳೆಸಿ, ತೆಂಗು ನೆಡಬೇಡಿ. ಬಾವಿಯಿಂದ 18 ಮೀಟರ್ ಇಲ್ಲಿಯೂ ಪಾಲಿಸಲೇಬೇಕು.

ಮಧ್ಯದ ಘಟಕಕ್ಕೆ ಇಷ್ಟು ದೊಡ್ಡ ಬುಡ ಬೇಕಿಲ್ಲ. ಹಾಸಿನಿಂದ ಬಂದ ನೀರು ಮೊದಲೇ ಶುದ್ಧ ಇರುವುದರಿಂದ ಚದರ ಮೀಟರಿಗೆ 80 ಲೀಟರ್ ಹಿಡಿಯಬಹುದು, 440 ಚದರ ಮೀಟರ್ ಸಾಕು. ಹಾಸು, ಚಕ್ಕೆ ತೊಟ್ಟಿ, ದಿಬ್ಬ, ಓಡಾಡುವ ದಾರಿ ಎಲ್ಲ ಸೇರಿ 18 ಗುಂಟೆಯಲ್ಲಿ ಹಿಡಿಸುತ್ತದೆ. ಕಾಂಡ್ಲಾ ಕಡೆಯ ಅಂಚಿನಿಂದ ಆದಷ್ಟು ದೂರ, ರಸ್ತೆ ಬದಿಗೆ ದಿಬ್ಬ ಇರಲಿ.

ಜಾಗದ ನೆಲ ಎಷ್ಟು ಹೀರುತ್ತದೆ ಅಂತ ಈಗಲೇ ನೋಡಿ. ದಿಬ್ಬ ಬರುವ ಜಾಗದಲ್ಲಿ 300 ಮಿಮೀ ಅಗಲದ ಗುಂಡಿ, ತಳಕ್ಕೆ 50 ಮಿಮೀ ಜಲ್ಲಿ, ರಾತ್ರಿಯಿಡೀ ನೀರು ನಿಲ್ಲಿಸಿ ನೆನೆಸಿ. ಬೆಳಿಗ್ಗೆ ಜಲ್ಲಿಯ ಮೇಲೆ 150 ಮಿಮೀ ನೀರು ಇಟ್ಟು, 25 ಮಿಮೀ ಇಳಿಯಲು ಎಷ್ಟು ನಿಮಿಷ ಅಂತ ನೋಡಿ. 204ನ್ನು ಆ ನಿಮಿಷದ ವರ್ಗಮೂಲದಿಂದ ಭಾಗಿಸಿದರೆ ಚದರ ಮೀಟರಿಗೆ ದಿನಕ್ಕೆ ಎಷ್ಟು ಲೀಟರ್ ಅಂತ ಬರುತ್ತದೆ. 4 ನಿಮಿಷಕ್ಕೆ 102 ಲೀಟರ್. ಒಂದು ನಿಮಿಷಕ್ಕೂ ಮೊದಲೇ ಇಳಿದರೆ ಸಂತೋಷಪಡಬೇಡಿ, ಆ ಮರಳು ಏನನ್ನೂ ತಡೆಯುವುದಿಲ್ಲ. ದಿಬ್ಬಕ್ಕೆ ಬೇರೆ ಮರಳು ತರುವುದು ಅದಕ್ಕೇ.

ಹೋಂಸ್ಟೇ ಅಡುಗೆಮನೆಗಳಿಗೆ ಜಿಡ್ಡು ತಡೆಯುವ ತೊಟ್ಟಿ ಕಡ್ಡಾಯ ಮಾಡಿ. ತೊಟ್ಟಿ ಮಾರುವವರ ಅಳತೆ ಇಲ್ಲಿ ಸಾಲದು. ತೆಂಗಿನೆಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿಯಲ್ಲಿ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಪಾಲು ತೊಟ್ಟಿಯ ನೀರು ಅದಕ್ಕಿಂತ ಬೆಚ್ಚಗಿರುವುದರಿಂದ ಎಣ್ಣೆ ದ್ರವವಾಗಿಯೇ ತೇಲಿ, ರಭಸ ಹೆಚ್ಚಾದರೆ ದಾಟಿಹೋಗುತ್ತದೆ. ಕನಿಷ್ಠ 500 ಲೀಟರ್, ಎರಡು ಅಡ್ಡಗೋಡೆ, ಒಂದು ಗಂಟೆ ನೀರು ನಿಲ್ಲುವಂತೆ. ಮೀನು ಕರಿದ ಎಣ್ಣೆಯನ್ನು ಡಬ್ಬಿಗೆ ಬೇರೆ ಹಾಕಿಸಿ. ಮೇಲಿನ ಜಿಡ್ಡನ್ನು ವಾರಕ್ಕೊಮ್ಮೆ ತೆಗೆಯುವವರು ಯಾರು ಅಂತ ಹೋಂಸ್ಟೇ ಪರವಾನಗಿಯಲ್ಲೇ ಬರೆಯಿಸಿ.

---

ಪಂಚಾಯ್ತಿಕಡತ ಉತ್ತರ:

ಕಾಗದದ ಕೆಲಸ. ಮೊದಲು ಆ 18 ಗುಂಟೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಎಲ್ಲಿ ಬರುತ್ತದೆ ನೋಡಿಸಿ. ಸರ್ವೆ ನಂಬರ್ ಹಿಡಿದು ಭರತ ರೇಖೆಯಿಂದ ಎಷ್ಟು ದೂರ, ಕಾಂಡ್ಲಾದಿಂದ ಎಷ್ಟು ದೂರ ಎಂದು. 2019ರ ಅಧಿಸೂಚನೆಯಲ್ಲಿ 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಇದೆ. ದಿಬ್ಬವಾಗಲಿ ಹಾಸಾಗಲಿ ಅದರೊಳಗೆ ಬರಬಾರದು. ನಕ್ಷೆ ಕೈಯಲ್ಲಿ ಇಲ್ಲದೆ ವಿನ್ಯಾಸಕ್ಕೆ ಹಣ ಕೊಡಬೇಡಿ. ಅನುಮತಿಗೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಸಮ್ಮತಿಗೆ ಮಾಲಿನ್ಯ ನಿಯಂತ್ರಣ ಮಂಡಳಿ. ನದಿಗೆ ಪೈಪ್ ಇಲ್ಲದ ಪ್ರಸ್ತಾವಕ್ಕೆ ಉತ್ತರಿಸಬೇಕಾದ ಪ್ರಶ್ನೆಗಳೂ ಕಡಿಮೆ.

ಹಣ: ಸ್ವಚ್ಛ ಭಾರತ ಗ್ರಾಮೀಣ ಎರಡನೇ ಹಂತದ 2020ರ ಮಾರ್ಗಸೂಚಿಯಲ್ಲಿ 5,000 ಜನರೊಳಗಿನ ಹಳ್ಳಿಗೆ ಬೂದುನೀರಿಗೆ (ಬಚ್ಚಲು, ಅಡುಗೆಮನೆಯ ನೀರು) ತಲಾ 280 ರೂಪಾಯಿ ಇತ್ತು. 350 ಜನಕ್ಕೆ 98 ಸಾವಿರ. ಮರಳಿಗೂ ಸಾಲದು. ಹಣಕಾಸು ಆಯೋಗದ ನಿರ್ಬಂಧಿತ ಅನುದಾನ, ಗ್ರಾಮೀಣ ಉದ್ಯೋಗ ಯೋಜನೆಯಲ್ಲಿ ಮಣ್ಣಿನ ಕೆಲಸ, ಹೋಂಸ್ಟೇಗಳ ಪಾಲು ಇವನ್ನೆಲ್ಲ ಒಟ್ಟುಗೂಡಿಸಬೇಕಾಗುತ್ತದೆ. ಹಂತವಾಗಿ ಮಾಡುವುದಾದರೆ ಮೊದಲ ವರ್ಷ ನದಿಗೆ ಹತ್ತಿರದ ಮನೆಗಳ ಮತ್ತು ಹೋಂಸ್ಟೇಗಳ ಟ್ಯಾಂಕ್, ಎರಡು ಹಾಸು. ಹಾಸುಗಳನ್ನು ನಾಲ್ಕು ಮಾಡಿದ್ದರ ಲಾಭ ಅದು.

ಕೆಸರಿನ ಬಗ್ಗೆ ಯಾರೂ ಬರೆದಿಲ್ಲ. ತಲಾ ವರ್ಷಕ್ಕೆ 30–40 ಲೀಟರ್ ಕೆಸರು ಹಿಡಿದರೆ 10ರಿಂದ 14 ಘನ ಮೀಟರ್. ಎರಡು ವರ್ಷಕ್ಕೊಮ್ಮೆ ಸರದಿಯಲ್ಲಿ ತೆಗೆದರೆ ವರ್ಷಕ್ಕೆ 35 ಟ್ಯಾಂಕ್, ನೀರು ಸೇರಿ 42 ಘನ ಮೀಟರ್. ಇದನ್ನು ಟ್ಯಾಂಕರಿನವರು ಗಜನಿಗೋ (ಉಪ್ಪುನೀರಿನ ಗದ್ದೆಗೋ) ಹೊಳೆಗೋ ಸುರಿದರೆ ಮೇಲಿನದ್ದೆಲ್ಲ ವ್ಯರ್ಥ. ಒಣಗಿಸುವ ಗಿಡದ ಹಾಸು 12–15 ಚದರ ಮೀಟರ್, ಎರಡು ಭಾಗ, ಮೇಲೆ ಪಾರದರ್ಶಕ ಶೀಟಿನ ಮಾಡು. ಇಲ್ಲಿ ಮಾಡು ಕಡ್ಡಾಯ, ವರ್ಷಕ್ಕೆ 3,000 ಮಿಮೀ ಮೀರಿ ಮಳೆ ಬೀಳುವಲ್ಲಿ ತೆರೆದ ಹಾಸು ಒಣಗುವುದೇ ಇಲ್ಲ. ಬಸಿದ ನೀರು ಮತ್ತೆ ಸಂಪಿಗೆ. ಒಣಗಿದ ಕೆಸರನ್ನು ಇನ್ನೊಂದು ವರ್ಷ ರಾಶಿ ಹಾಕಿಟ್ಟು ತೆಂಗಿನ ಬುಡಕ್ಕೆ ಹಾಕಬಹುದು, ಕಾಯಿಪಲ್ಲೆಗೆ ಬೇಡ. ದೇವನಹಳ್ಳಿಯಲ್ಲಿ 2015ರಿಂದ ಇಂಥ ಕೆಸರಿಗೇ ಒಂದು ಘಟಕ ನಡೆಯುತ್ತಿದೆ. ಪಂಚಾಯಿತಿ ಸದಸ್ಯರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಪರೀಕ್ಷೆ ಕೆಲಸ ಶುರುವಾಗುವ ಮೊದಲೇ ಆಗಬೇಕು, ಆಮೇಲೆ ಹೋಲಿಸಲು ಬೇರೆ ದಾರಿಯಿಲ್ಲ. ನದಿ ಕಡೆಯ ಐದು ಬಾವಿ, ಒಳಗಿನ ಐದು ಬಾವಿ, ಮೇ ಮತ್ತು ಜುಲೈನಲ್ಲಿ: ನೈಟ್ರೇಟ್ (ಕುಡಿಯುವ ನೀರಿನ ಮಿತಿ 45 ಮಿಗ್ರಾಂ), ಇ-ಕೋಲಿ (100 ಮಿಲಿಯಲ್ಲಿ ಒಂದೂ ಇರಬಾರದು), ಇಸಿ. ಇ-ಕೋಲಿ ಮಾದರಿಯನ್ನು ಕುದಿಸಿ ಶುದ್ಧ ಮಾಡಿದ ಬಾಟಲಿಯಲ್ಲಿ, ಐಸ್ ಪೆಟ್ಟಿಗೆಯಲ್ಲಿ, ಆರು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ.

---

ಗಜನಿಬದಿ:

ಮುಂದಿನ ಗ್ರಾಮಸಭೆಗೆ ಮುಂಚೆ ಸಿಆರ್‌ಝಡ್ ನಕ್ಷೆ ತರಿಸುತ್ತೇವೆ, ಮೇ ತಿಂಗಳ ಬಾವಿ ಮಾದರಿ ಮತ್ತು ನೆಲ ಹೀರುವ ಪರೀಕ್ಷೆ ಮಾಡಿಸುತ್ತೇವೆ. ಒಂದೇ ಸಂದೇಹ: ಹೊಸ ಟ್ಯಾಂಕ್ ಬಂದ ಮೇಲೆ ಹಳೆಯ ಹೊಂಡಗಳನ್ನು ಹಾಗೇ ಬಿಟ್ಟರೆ ತೊಂದರೆಯೇ?

---

ಚರಂಡಿಲೆಕ್ಕ ಉತ್ತರ:

ತೊಂದರೆ ಇದೆ. ಹಾಗೇ ಬಿಟ್ಟರೆ ಹೊಸ ಟ್ಯಾಂಕ್ ಬ್ಲಾಕ್ ಆದ ದಿನ ಯಾರಾದರೂ ಪೈಪನ್ನು ಮತ್ತೆ ಅದಕ್ಕೇ ತಿರುಗಿಸುತ್ತಾರೆ, ಮುಚ್ಚಳ ಕುಸಿದು ಮಕ್ಕಳು, ದನ ಬೀಳುವ ಅಪಾಯವೂ ಇದೆ. ಏಪ್ರಿಲ್‌ನಲ್ಲಿ, ನೀರು ಕೆಳಗಿರುವಾಗ, ಹೀರಿಸಿ ಖಾಲಿ ಮಾಡಿ. ಹೀರಿದ್ದನ್ನು ಒಣಗಿಸುವ ಹಾಸಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಎಲ್ಲ ಹೊಂಡವನ್ನು ಒಂದೇ ವಾರ ತೆಗೆದರೆ ಹಾಸು ತಡೆಯುವುದಿಲ್ಲ. ತಳಕ್ಕೆ ಸುಣ್ಣ ಹರಡಿ, ಮರಳು ಮಣ್ಣಿನಿಂದ 300 ಮಿಮೀ ಪದರವಾಗಿ ದಮ್ಮಸು ಮಾಡುತ್ತ ತುಂಬಿ, ಮೇಲಿನ ಅರ್ಧ ಮೀಟರ್ ಜೇಡಿ ಮಣ್ಣು. ಹಳೆ ಪೈಪನ್ನು ಹೊಂಡದ ಬಾಯಿಯಲ್ಲಿ ಕತ್ತರಿಸಿ ತೆಗೆಯಿರಿ, ಬರೀ ಮುಚ್ಚಳ ಹಾಕಿ ಬಿಡಬೇಡಿ. ಬಾವಿಯ ನೈಟ್ರೇಟ್ ಕೂಡಲೇ ಇಳಿಯುವುದಿಲ್ಲ, ಒಂದೆರಡು ಮಳೆಗಾಲ ಮಣ್ಣು ತೊಳೆಯಬೇಕು. ಇ-ಕೋಲಿ ಅದಕ್ಕಿಂತ ಮೊದಲೇ ಇಳಿಯಬೇಕು. ಮುಂದಿನ ಜುಲೈನಲ್ಲಿ ಅದು ಇಳಿಯದಿದ್ದರೆ ಎಲ್ಲೋ ಒಂದು ಹೊಂಡ ಇನ್ನೂ ಬಳಕೆಯಲ್ಲಿದೆ ಅಥವಾ ಒಂದು ಟ್ಯಾಂಕ್ ಸೋರುತ್ತಿದೆ. ಆ ಬಾವಿಯ ಸುತ್ತಲಿನ ಟ್ಯಾಂಕುಗಳಿಗೆ ನೀರು ತುಂಬಿ, ಹೊರದಾರಿ ಮುಚ್ಚಿ, 24 ಗಂಟೆಯಲ್ಲಿ ಮಟ್ಟ ಎಷ್ಟು ಇಳಿಯಿತು ಅಂತ ನೋಡಿ ಹುಡುಕಿ. ಇದನ್ನು ಅಂತರ್ಜಲ ಕೆಳಗಿರುವ ಏಪ್ರಿಲ್-ಮೇನಲ್ಲೇ ಮಾಡಬೇಕು. ಜುಲೈನಲ್ಲಿ ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿರುತ್ತದೆ, ಸೋರುವ ಟ್ಯಾಂಕೂ ಪಾಸಾಗುತ್ತದೆ.